ಸೊಲ್ಲಾಪುರ, ಅಕ್ಕಲಕೋಟೆ ಮತ್ತು ನಮ್ಮ ಕ್ಯಾಮೆರಾ

ಛಾಯಾಚಿತ್ರಕಾರನನ್ನು ಪರೀಕ್ಷೆಗೆ ಹಚ್ಚುವ ಗಿರಾಕಿಗಳು ಮೂವರೆಂದು ನಮ್ಮ ತಂದೆಯವರು ಹೇಳುತ್ತಿದ್ದರು: ಕೂಸು, ನಾಯಿ ಮತ್ತು ಹೊಸದಾಗಿ ಲಗ್ನವಾದ ಜೋಡಿ. ಕೂಸು ಕೂತಲ್ಲಿ ಕೂಡುವುದಿಲ್ಲ. ನಾಯಿ ನಿಂತಲ್ಲಿ ನಿಲ್ಲುವುದಿಲ್ಲ. ಹೊಸ ಜೋಡಿಯಾದರೋ ಹೇಳಿದಲ್ಲಿ ಕೂತು, ಹೇಳಿದಂತೆ ನಿಂತು, ಉಸಿರಾಡುವುದನ್ನೇ ಮರೆಯುತ್ತದೆ. ಈ ಮೂವರ ಮುಖವನ್ನು ಇದ್ದದ್ದು ಇದ್ದಂತೆ ಹಿಡಿಯಬಲ್ಲವನಿಗೆ ಉಳಿದ ಲೋಕವೆಲ್ಲ ಸುಲಭವೆಂಬುದು ಅವರ ಸಿದ್ಧಾಂತವಾಗಿತ್ತು. ಐವತ್ತು ವರ್ಷಗಳಿಗೂ ಮಿಕ್ಕಿ ಅದೇ ಕಸುಬಿನಲ್ಲಿ ಅನ್ನ ಉಂಡ ಮೇಲೆ ಆ ಮಾತು ನಿಜವೆಂದೇ ನಾವೂ ಹೇಳಬೇಕಾಗಿದೆ.

ಕಳೆದ ಮಾಘದಲ್ಲಿ ಒಂದು ಮುಂಜಾನೆ ನಾವು ಸೊಲ್ಲಾಪುರದ ಬಸ್ ನಿಲ್ದಾಣದಲ್ಲಿ ಅಕ್ಕಲಕೋಟೆಯ ಬಸ್ಸನ್ನು ಹತ್ತಿದೆವು. ತೊಡೆಯ ಮೇಲೆ ಹಳೆಯ ವರ್ತಮಾನಪತ್ರಿಕೆಯಲ್ಲಿ ಸುತ್ತಿದ ಎರಡು ಕಟ್ಟುಗಳಿದ್ದವು. ಎರಡೂ ಕಟ್ಟು ಹಾಕಿಸಿದ ಭಾವಚಿತ್ರಗಳೇ. ಎರಡರಲ್ಲಿಯೂ ಇದ್ದ ಮುಖ್ಯ ವ್ಯಕ್ತಿ ಒಬ್ಬನೇ. ಆ ಎರಡರಲ್ಲಿ ಯಾವುದನ್ನು ಕೊಡುವುದು, ಯಾವುದನ್ನು ಮರಳಿ ತರುವುದು ಎಂಬುದು ಮಾತ್ರ ಇನ್ನೂ ನಿರ್ಧಾರವಾಗಿರಲಿಲ್ಲ. ಆ ಪ್ರಯಾಣದ ನೆಪದಲ್ಲಿ ಈ ಎರಡು ಊರುಗಳ ಬಗೆಗೂ ನಮ್ಮ ಕಸುಬಿನ ಬಗೆಗೂ ಕೆಲವು ಮಾತುಗಳನ್ನು ವಾಚಕರ ಮುಂದಿಡುತ್ತೇವೆ.

ನಮ್ಮ ತಂದೆಯವರು ಸೊಲ್ಲಾಪುರದ ಒಂದು ಪೇಟೆಯಲ್ಲಿ, ಮಾಳಿಗೆಯ ಮೇಲೆ, ಉತ್ತರ ದಿಕ್ಕಿಗೆ ಗಾಜಿನ ಸೂರು ಹಾಕಿಸಿ ೧೯೪೮ರಲ್ಲಿ ಸ್ಟುಡಿಯೋ ತೆರೆದರು. ಉತ್ತರದ ಬೆಳಕಿಗೆ ದಿನವಿಡೀ ಒಂದೇ ಗುಣ. ನೇರ ಬಿಸಿಲು ಒಳಗೆ ಬರುವುದಿಲ್ಲ, ಮುಖದ ಮೇಲೆ ಕಡುನೆರಳು ಬೀಳುವುದಿಲ್ಲ. ಹಿನ್ನೆಲೆಯ ಪರದೆಗಾಗಿ ಅವರು ಮುಂಬಯಿಯಿಂದ ಬಣ್ಣದ ಬಟ್ಟೆಯನ್ನು ತರಿಸಲಿಲ್ಲ. ನಮ್ಮ ಊರಿನ ಚಾದರವೊಂದನ್ನೇ ತಿರುವಿ ತೂಗುಹಾಕಿದರು. ಸೊಲ್ಲಾಪುರದ ಚಾದರಕ್ಕೆ ಈಗ ಭೌಗೋಳಿಕ ಸೂಚಕದ ಮನ್ನಣೆ ದೊರೆತಿದೆ. ಆದರೆ ಆ ಕಾಲದಲ್ಲಿ ಅದರ ಹಿಂಬದಿಯ ಮಸುಕಾದ ಬೂದು ಬಣ್ಣ ಬಡವನನ್ನೂ ಬಲ್ಲಿದನನ್ನೂ ಒಂದೇ ರೀತಿ ಕಾಣಿಸುತ್ತದೆಂಬುದು ನಮ್ಮ ತಂದೆಯವರೊಬ್ಬರಿಗೇ ತಿಳಿದಿತ್ತೆಂದು ನಾವು ಹೆಮ್ಮೆಪಡುತ್ತಿದ್ದೆವು.

ಗಿರಾಕಿಗಳಾದರೂ ಎಂಥವರು! ಕನ್ನಡದ ಮನೆತನಗಳು, ಮರಾಠಿಗರು, ಮಗ್ಗದ ಕಸುಬಿಗಾಗಿ ಬಂದು ನೆಲೆಸಿದ ತೆಲುಗು ಪದ್ಮಶಾಲಿಗಳು, ದಖನಿ ಮಾತನಾಡುವ ಮುಸಲ್ಮಾನರು. ಹೀಗಾಗಿ ಸೊಲ್ಲಾಪುರದ ಛಾಯಾಚಿತ್ರಕಾರನಿಗೆ ‘ಇತ್ತ ನೋಡ್ರಿ’ ಎನ್ನುವುದನ್ನು ನಾಲ್ಕು ಭಾಷೆಗಳಲ್ಲಿ ಹೇಳಲು ಬರಲೇಬೇಕು. ಚಿತ್ರಗಳನ್ನು ಹಾಕಿಕೊಡುವ ಪಾಕೀಟಿನ ಮೇಲೆ ಗಿರಾಕಿಯ ಹೆಸರನ್ನು ಅವರವರ ಲಿಪಿಯಲ್ಲಿ ಬರೆಯುವುದು ತಂದೆಯವರ ನಿಯಮ. ೧೯೫೬ರ ರಾಜ್ಯ ಪುನರ್ವಿಂಗಡಣೆಯಲ್ಲಿ ನಮ್ಮ ಜಿಲ್ಲೆ ಮುಂಬಯಿ ರಾಜ್ಯದಲ್ಲಿ ಉಳಿಯಿತು, ೧೯೬೦ರಲ್ಲಿ ಮಹಾರಾಷ್ಟ್ರದ್ದಾಯಿತು. ಪೇಟೆಯ ಫಲಕಗಳು ಬದಲಾದವು. ನಮ್ಮ ಪಾಕೀಟುಗಳ ಮೇಲಿನ ಕನ್ನಡ ಅಕ್ಷರ ಮಾತ್ರ ಬದಲಾಗಲಿಲ್ಲ.

ಮೊದಲು ಕೂಸುಗಳ ಮಾತು. ತಂದೆಯವರದು ಕಟ್ಟಿಗೆಯ ದೊಡ್ಡ ಕ್ಯಾಮೆರಾ. ಒಳಗೆ ಗಾಜಿನ ಪ್ಲೇಟು. ತಲೆಯ ಮೇಲೆ ಕರಿ ಬಟ್ಟೆ ಹೊದ್ದು ಚಿತ್ರವನ್ನು ಸರಿಪಡಿಸಿಕೊಂಡು, ಮಸೂರದ ಮುಚ್ಚಳ ತೆಗೆದು, ‘ಒಂದು, ಎರಡು’ ಎಂದು ಎಣಿಸಿ ಮತ್ತೆ ಮುಚ್ಚಬೇಕು. ಆ ಎರಡು ಎಣಿಕೆ ಹಿರಿಯರಿಗೆ ಏನೂ ಅಲ್ಲ. ಕೂಸಿಗೆ ಅದೊಂದು ಯುಗ. ಹತ್ತೊಂಬತ್ತನೆಯ ಶತಮಾನದ ವಿಲಾಯತಿಯಲ್ಲಿ ಇದಕ್ಕಾಗಿ ತಾಯಂದಿರು ಮೈತುಂಬ ಬಟ್ಟೆ ಹೊದ್ದು ಕುರ್ಚಿಯಂತೆ ಕುಳಿತು, ಮಡಿಲಲ್ಲಿ ಮಗುವನ್ನು ಹಿಡಿಯುತ್ತಿದ್ದರಂತೆ. ಅಂಥ ಚಿತ್ರಗಳು ಇಂದಿಗೂ ಇವೆ. ನಮ್ಮಲ್ಲಿ ತಾಯಿ ಚಾದರದ ಹಿಂದೆ ನಿಂತು, ಸಂದಿಯಿಂದ ಕೈ ತೂರಿಸಿ ಕೂಸಿನ ಬೆನ್ನು ಹಿಡಿಯುತ್ತಿದ್ದಳು. ಹಳೆಯ ಚಿತ್ರಗಳನ್ನು ಲಕ್ಷ್ಯಗೊಟ್ಟು ನೋಡಿದರೆ ಕೂಸಿನ ಅಂಗಿಯ ಮಗ್ಗುಲಲ್ಲಿ ಹಸಿರು ಬಳೆಯ ಅಂಚೊಂದು ಕಾಣುವುದುಂಟು. ಬಣ್ಣವಿಲ್ಲದ ಚಿತ್ರದಲ್ಲಿ ಹಸಿರೆಲ್ಲಿಂದ ಬಂತೆಂದು ವಾಚಕರು ಕೇಳಬಹುದು. ಆ ಕಾಲದಲ್ಲಿ ಕೂಸಿನ ತಾಯಿಯ ಕೈಯಲ್ಲಿ ಬೇರೆ ಯಾವ ಬಳೆ ಇದ್ದೀತು!

ಮಕ್ಕಳ ಚಿತ್ರಕ್ಕೆ ನಮ್ಮ ಊರಿನಲ್ಲಿ ದೊಡ್ಡ ಹಬ್ಬವೆಂದರೆ ಗಡ್ಡಾ ಯಾತ್ರೆ. ಹನ್ನೆರಡನೆಯ ಶತಮಾನದ ಶಿವಯೋಗಿ ಸಿದ್ಧರಾಮರ ಈ ಸೊನ್ನಲಿಗೆಯಲ್ಲಿ ಮಕರ ಸಂಕ್ರಮಣದ ಸುಮಾರಿಗೆ ನಂದಿಧ್ವಜಗಳ ಮೆರವಣಿಗೆ ಹೊರಟರೆ ಹಳ್ಳಿಹಳ್ಳಿಯ ಜನ ಕೂಡುತ್ತದೆ. ಜಾತ್ರೆಯ ಬಯಲಿನಲ್ಲಿ ಹಿಂದೆಲ್ಲ ಗುಡಾರ ಹೊಡೆದು ಭಾವಚಿತ್ರ ತೆಗೆಯುತ್ತಿದ್ದೆವು. ರಟ್ಟಿನ ಚಂದ್ರ, ರಟ್ಟಿನ ವಿಮಾನ, ರಟ್ಟಿನ ಮೋಟಾರು ಅಲ್ಲಿಯ ಸಂಪತ್ತು. ಹೊಸ ಅಂಗಿ ತೊಟ್ಟ ಹುಡುಗ ವಿಮಾನದ ಕಿಟಕಿಯಿಂದ ಮುಖ ಹೊರಹಾಕಿ, ನಿಜವಾಗಿಯೂ ಹಾರಿದವನ ಗಾಂಭೀರ್ಯದಿಂದ ನೋಡುತ್ತಿದ್ದ. ಅಂಥ ಚಿತ್ರಗಳನ್ನು ನೋಡಿ ನಗುವವರುಂಟು. ನಾವು ನಗುವುದಿಲ್ಲ, ಎಷ್ಟೋ ಮನೆಗಳಲ್ಲಿ ಆ ಹುಡುಗನ ಬಾಲ್ಯದ್ದೆಂದು ಉಳಿದಿರುವುದು ಅದೊಂದೇ.

ಇಲ್ಲಿ ನಮ್ಮ ಮನೆಯ ಒಂದು ತಪ್ಪನ್ನು ಹೇಳದೆ ಮುಂದೆ ಹೋಗುವಂತಿಲ್ಲ. ೧೯೭೨ರ ಬರಗಾಲ ವಾಚಕರಲ್ಲಿ ಹಿರಿಯರಿಗೆ ನೆನಪಿರಬಹುದು. ಊಟಕ್ಕೇ ಕೊರತೆಯಾದಾಗ ಫೋಟೋ ತೆಗೆಸುವವರಾರು? ಸ್ಟುಡಿಯೋದ ಅಟ್ಟದ ಮೇಲೆ ಇಪ್ಪತ್ತು ವರ್ಷಗಳ ಗಾಜಿನ ಪ್ಲೇಟುಗಳ ಪೆಟ್ಟಿಗೆಗಳಿದ್ದವು. ಪಟಗಳಿಗೆ ಕಟ್ಟು ಹಾಕುವ ವ್ಯಾಪಾರಿಗಳು ಅಂಥ ಗಾಜನ್ನು ಕೊಳ್ಳುತ್ತಿದ್ದರು; ಬಿಸಿನೀರು ಸೋಡಾದಲ್ಲಿ ನೆನೆಹಾಕಿ ಉಜ್ಜಿದರೆ ಮುಖವೆಲ್ಲ ಕಳಚಿ ಹೋಗಿ ಒಳ್ಳೆಯ ತಿಳಿಗಾಜು ಉಳಿಯುತ್ತದೆ. ತಂದೆಯವರು ಎರಡು ಕೈಗಾಡಿ ಪ್ಲೇಟುಗಳನ್ನು ಮಾರಿದರು. ಆ ಹಣದಲ್ಲಿ ಮನೆಗೆ ಜೋಳ ಬಂತು. ನಾವೂ ಉಂಡೆವು.

ಮರುವರ್ಷ ಮಿಲ್ಲಿನ ಚಾಳಿನಿಂದ ಒಬ್ಬ ಹೆಣ್ಣುಮಗಳು ಬಂದಳು. ೧೯೫೮ರಲ್ಲಿ ತನ್ನ ಮಗನ ಚಿತ್ರ ತೆಗೆಸಿದ್ದಳು. ಮಗ ಐದು ತುಂಬುವ ಮೊದಲೇ ತೀರಿಕೊಂಡಿದ್ದ. ಗೋಡೆಯ ಮೇಲಿದ್ದ ಚಿತ್ರ ಮಾಳಿಗೆ ಸೋರಿ ಕೊಳೆತು ಹೋಗಿತ್ತು. ಇನ್ನೊಂದು ಪ್ರತಿ ಬೇಕಾಗಿತ್ತು. ತಂದೆಯವರು ದಫ್ತರ ತೆಗೆದರು. ಅದರಲ್ಲಿ ಮಗುವಿನ ಹೆಸರಿತ್ತು, ತಾರೀಖಿತ್ತು, ಪ್ಲೇಟಿನ ನಂಬರಿತ್ತು. ಆಕೆಯನ್ನು ಕೂಡ್ರಿಸಿ ಅವರು ಬರಿಗಾಲಲ್ಲೇ ಕಟ್ಟು ಹಾಕುವವನ ಅಂಗಡಿಗೆ ಹೋದರು. ಅಲ್ಲಿ ತೊಳೆದ ಗಾಜು ಸಾಲಾಗಿ ಒಣಗುತ್ತಿತ್ತು. ಕೆಲವಕ್ಕೆ ಆಗಲೇ ದೇವರ ಪಟಗಳು ಅಂಟಿದ್ದವು. ಮರಳಿ ಬಂದು ಇದ್ದ ಸಂಗತಿಯನ್ನು ಹೇಳಿದರು. ಆಕೆ ಅಳಲಿಲ್ಲ, ಬೈಯಲೂ ಇಲ್ಲ. ಬಹಳ ಹೊತ್ತಿನ ಮೇಲೆ, “ನಂಬರ ಐತಲ್ರೀ ಅಪ್ಪಾರ, ಅದನ್ನರೆ ಬರದು ಕೊಡ್ರಿ” ಎಂದಳು. ತಂದೆಯವರು ಒಂದು ಪಾಕೀಟಿನ ಮೇಲೆ ಕನ್ನಡದಲ್ಲಿ ಮಗುವಿನ ಹೆಸರು, ತಾರೀಖು, ನಂಬರು ಬರೆದು ಕೊಟ್ಟರು. ಆ ಬರಿ ಪಾಕೀಟನ್ನು ಆಕೆ ಸೆರಗಿನಲ್ಲಿಟ್ಟುಕೊಂಡು ಹೋದಳು. ಅಂದಿನಿಂದ ನಮ್ಮ ಸ್ಟುಡಿಯೋದಿಂದ ಒಂದು ಪ್ಲೇಟು, ಒಂದು ಫಿಲ್ಮು ಹೊರಗೆ ಹೋಗಿಲ್ಲ.

ಇನ್ನು ದಂಪತಿಗಳು. ಗಂಡ ಕುರ್ಚಿಯಲ್ಲಿ, ಹೆಂಡತಿ ಬದಿಗೆ ನಿಂತು, ನಡುವೆ ಹೂದಾನಿಯಿಟ್ಟ ತಿಪಾಯಿ: ಇದು ಹಳೆಯ ಸಂಪ್ರದಾಯ. ಇಬ್ಬರೂ ಕೂಡ್ರುವ ಕಾಲ ಬಂದಾಗಲೂ ನಡುವೆ ಒಂದು ಗೇಣಿನ ಅಂತರವಿರುತ್ತಿತ್ತು. ಹಳೆಯ ಪ್ಲೇಟುಗಳಿಗೆ ಕೆಂಪು ಬೆಳಕು ತಿಳಿಯುತ್ತಿರಲಿಲ್ಲ. ಆದುದರಿಂದ ಕೆಂಪು ಸೀರೆ ಕಪ್ಪಾಗಿ, ಹಣೆಯ ಕುಂಕುಮ ಕಪ್ಪು ಬೊಟ್ಟಾಗಿ ಮೂಡುತ್ತಿತ್ತು. ಲಗ್ನದ ಮೊದಲಿನ ಚಿತ್ರಗಳದು ಇನ್ನೊಂದು ಕಥೆ. ಸಿಡುಬು ಬಂದು ಹೋದ ಮುಖಗಳು ಬಹಳವಿದ್ದ ಕಾಲವದು. ನೆಗೆಟಿವ್ ಮೇಲೆ ಚೂಪಾದ ಪೆನ್ಸಿಲಿನಿಂದ ಚುಕ್ಕೆ ಚುಕ್ಕೆಯಾಗಿ ತುಂಬಿದರೆ ಕಲೆ ಮಾಯವಾಗುತ್ತದೆ. ಹೆಣ್ಣಿನ ತಂದೆ ಬಂದು, “ಕಲಿ ಕಾಣಸದ್ಹಂಗ ಮಾಡ್ರಿ” ಎಂದು ಪಿಸುಗುಟ್ಟುತ್ತಿದ್ದ. ನಮ್ಮ ತಂದೆಯವರು ಅರ್ಧ ತೆಗೆದು ಅರ್ಧ ಬಿಡುತ್ತಿದ್ದರು: “ಪೂರಾ ತಗದ್ರ ನಾಳೆ ಅತ್ತಿ ಮನ್ಯಾಗ ಹುಡುಗಿ ಸುಳ್ಳಗಾತಿ ಆಗ್ತಾಳ; ಏನೂ ತಗೀಲಿಲ್ಲಂದ್ರ ಲಗ್ನನ ಆಗೂದಿಲ್ಲ.” ಭಾರತದಲ್ಲಿ ಸಿಡುಬಿನ ಕೊನೆಯ ಪ್ರಕರಣ ಕಂಡದ್ದು ೧೯೭೫ರಲ್ಲಿ. ನಮ್ಮ ಪೆನ್ಸಿಲಿನ ಕೆಲಸ ಅನಂತರ ಕಡಿಮೆಯಾಯಿತೆಂದು ನಾವು ಸಂತೋಷವನ್ನೇ ಪಟ್ಟೆವು.

ದಂಪತಿಗಳ ವಿಷಯದಲ್ಲಿ ಸೊಲ್ಲಾಪುರದ ಮಣ್ಣಿಗೇ ಒಂದು ವೈಶಿಷ್ಟ್ಯವುಂಟು. ಸಿದ್ಧರಾಮರನ್ನೇ ವರಿಸುವೆನೆಂದು ಹಟ ಹಿಡಿದ ಕುಂಬಾರ ಕನ್ಯೆಗೆ ಅವರು ತಮ್ಮ ಯೋಗದಂಡದೊಡನೆ ಲಗ್ನವಾಗೆಂದರೆಂಬ ಐತಿಹ್ಯವಿದೆ. ಗಡ್ಡಾ ಯಾತ್ರೆಯಲ್ಲಿ ಸಮ್ಮತಿ ಕಟ್ಟೆಯ ಬಳಿ ಸಹಸ್ರಾರು ಜನ ಅಕ್ಷತೆ ಹಾಕುವುದು ಆ ಲಗ್ನಕ್ಕೆ. ವಧು ಕಾಣಳು, ವರನೆಂದರೆ ಒಂದು ದಂಡ, ಆದರೂ ಅಕ್ಷತೆ ಬೀಳುತ್ತಲೇ ಇದೆ. ಇದೇ ಊರಿನಲ್ಲಿ ೧೯೧೦ರಲ್ಲಿ ಹುಟ್ಟಿದ ಡಾಕ್ಟರ್ ದ್ವಾರಕಾನಾಥ ಕೋಟ್ನೀಸರು ೧೯೩೮ರಲ್ಲಿ ಯುದ್ಧಪೀಡಿತ ಚೀನಕ್ಕೆ ಹೋಗಿ, ಅಲ್ಲಿ ಗುವೊ ಚಿಂಗ್‌ಲಾನ್ ಎಂಬ ದಾದಿಯನ್ನು ೧೯೪೧ರಲ್ಲಿ ವರಿಸಿದರು. ಮರುವರ್ಷ ಮಗ ಹುಟ್ಟಿದ. ಅದೇ ವರ್ಷದ ಡಿಸೆಂಬರಿನಲ್ಲಿ ಕೋಟ್ನೀಸರು ತೀರಿಕೊಂಡರು. ಒಂದು ವರ್ಷದ ಸಂಸಾರ! ಸೊಲ್ಲಾಪುರದಲ್ಲಿ ಅವರ ಮನೆ ಈಗ ಸ್ಮಾರಕವಾಗಿದೆ. ಆ ದಂಪತಿಗಳ ಚಿತ್ರವನ್ನು ಕಂಡಾಗಲೆಲ್ಲ, ಅದನ್ನು ತೆಗೆದವನಿಗೆ ತಾನು ಏನನ್ನು ಉಳಿಸುತ್ತಿದ್ದೇನೆಂಬುದು ಆ ಗಳಿಗೆಯಲ್ಲಿ ತಿಳಿದಿತ್ತೇ ಎಂದು ನಮಗೆ ಅನಿಸುತ್ತದೆ. ತಿಳಿದಿರಲಾರದು, ನಮ್ಮಲ್ಲಿ ಯಾರಿಗೂ ತಿಳಿಯುವುದಿಲ್ಲ.

ಬಸ್ಸು ಕುಂಭಾರಿಯನ್ನು ದಾಟಿತು. ಬೀಡಿ ಕಟ್ಟುವ ಹೆಣ್ಣುಮಕ್ಕಳಿಗಾಗಿ ಇಲ್ಲಿ ಎದ್ದ ಹತ್ತು ಸಾವಿರ ಮನೆಗಳ ವಸಾಹತು ೨೦೦೬ರಲ್ಲಿ ಉದ್ಘಾಟನೆಯಾಯಿತು. ಆ ಮನೆಗಳಲ್ಲಿ ಕೆಲವರ ಗೋಡೆಯ ಮೇಲೆ ನಾವು ತೆಗೆದ ಮುಖಗಳೂ ಇವೆ. ಮುಂದೆ ವಳಸಂಗ, ಇತ್ತ ಅತ್ತ ಜೋಳ, ತೊಗರಿ, ಕಡಲೆಯ ಹೊಲಗಳು. ಹೊಲದ ಬದುವಿನ ಮೇಲೆ ಕುರಿಗಾರರು, ಅವರ ಹಿಂದೆ ನಾಯಿಗಳು. ಮೂರನೆಯ ಗಿರಾಕಿಯ ಮಾತಿಗೆ ಇದೇ ತಕ್ಕ ಸ್ಥಳ.

ನಮ್ಮ ಭಾಗದ ಹೆಮ್ಮೆಯ ನಾಯಿಯೆಂದರೆ ಉದ್ದ ಮೂತಿಯ, ಬಡನಡುವಿನ, ಬಿಲ್ಲಿನಂತೆ ಬಾಗಿದ ಬೆನ್ನಿನ ಬೇಟೆನಾಯಿ. ನಮ್ಮ ಹಳ್ಳಿಗಳಲ್ಲಿ ಕರವಾನಿ ಎನ್ನುತ್ತಾರೆ. ಕೃಷ್ಣೆಯ ಆಚೆ ಮುಧೋಳದ ಹೆಸರಿನಿಂದ ಅದು ಪ್ರಸಿದ್ಧ. ೨೦೦೫ರಲ್ಲಿ ಭಾರತದ ಅಂಚೆ ಇಲಾಖೆ ನಾಲ್ಕು ದೇಶೀ ತಳಿಗಳ ಅಂಚೆಚೀಟಿಗಳನ್ನು ಹೊರಡಿಸಿದಾಗ ಮುಧೋಳದ ನಾಯಿಗೂ ಅದರಲ್ಲಿ ಸ್ಥಾನ ದೊರೆಯಿತು. ಮೊಲವನ್ನು ಕಣ್ಣಿನಿಂದಲೇ ಹಿಡಿದು ಓಡುವ ಈ ಪ್ರಾಣಿ ಕ್ಯಾಮೆರಾದ ಮುಂದೆ ನಾಚುತ್ತದೆ. ಮಸೂರವನ್ನು ದೊಡ್ಡ ಕಣ್ಣೆಂದು ಬಗೆದು ಮುಖ ತಿರುವುತ್ತದೆ. ಹಾಗಾದಾಗ ಛಾಯಾಚಿತ್ರಕಾರನು ನೆಲದ ಮೇಲೆ ಕೂಡಬೇಕು. ನಾಯಿಯ ಕಣ್ಣಿನ ಎತ್ತರಕ್ಕೆ ತನ್ನ ಕಣ್ಣನ್ನು ಇಳಿಸದವನು ನಾಯಿಯ ತಲೆಯ ಚಿತ್ರ ತೆಗೆದಾನೇ ಹೊರತು ಮುಖದ ಚಿತ್ರ ತೆಗೆಯಲಾರ. ಕರಿ ನಾಯಿಯಾದರೆ ಎದುರಿನ ಬೆಳಕು ಸಲ್ಲದು. ಪಕ್ಕದಿಂದ ಬೆಳಕು ಬಿದ್ದರೆ ಮಾತ್ರ ಕೂದಲಿನ ಹೊಳಪು ಬಂದು, ನಾಯಿ ಕರಿ ಕಲೆಯಾಗದೆ ನಾಯಿಯಾಗಿ ಉಳಿಯುತ್ತದೆ. ಒಡೆಯನ ಕೈ ಮೈಮೇಲಿದ್ದರೆ ಅರ್ಧ ಕೆಲಸ ಮುಗಿದಂತೆ.

ಸ್ಟುಡಿಯೋಕ್ಕೆ ನಾಯಿಯನ್ನು ತರುವವರನ್ನು ಕಂಡು ಪೇಟೆಯವರು ನಗುತ್ತಿದ್ದರು. ಆದರೆ ನಮ್ಮ ಜನರಿಗೆ ಪಟದಲ್ಲಿ ನಾಯಿ ಹೊಸದಲ್ಲ. ಸೊಲ್ಲಾಪುರದ ಮಗ್ಗುಲಿನ ಬಾಳೆಯಲ್ಲಿ ಖಂಡೋಬನ ಗುಡಿಯಿದೆ. ನಮ್ಮ ಮೈಲಾರಲಿಂಗನೇ ಅವನು. ಅವನ ಪಟದಲ್ಲಿ ಕುದುರೆಯ ಜೊತೆಗೆ ನಾಯಿಯೂ ಓಡುತ್ತದೆ. ದತ್ತಾತ್ರೇಯನ ಕಾಲಡಿಯಲ್ಲಂತೂ ನಾಲ್ಕು ನಾಯಿಗಳು. ಅವು ನಾಲ್ಕು ವೇದಗಳೆಂದು ಹಿರಿಯರು ಹೇಳುತ್ತಾರೆ.

ಅಕ್ಕಲಕೋಟೆ ಬಂತು. ಭೋಸಲೆ ಮನೆತನದ ಸಂಸ್ಥಾನವಾಗಿದ್ದ ಊರಿದು. ೧೯೪೮ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಇಂದು ಜನ ಬರುವುದು ಅರಮನೆಗಾಗಿ ಅಲ್ಲ, ಸ್ವಾಮಿ ಸಮರ್ಥರಿಗಾಗಿ. ೧೮೫೭ರ ಸುಮಾರಿಗೆ ಇಲ್ಲಿಗೆ ಬಂದು, ೧೮೭೮ರಲ್ಲಿ ಸಮಾಧಿಸ್ಥರಾಗುವವರೆಗೆ ಇಲ್ಲಿಯೇ ಇದ್ದ ಅವರನ್ನು ದತ್ತನ ಅವತಾರವೆಂದು ಭಕ್ತರು ನಂಬುತ್ತಾರೆ. ಆಲದ ಮರದ ಗುಡಿಯ ಸುತ್ತಲ ಬೀದಿಯಲ್ಲಿ ನಡೆದರೆ ಎರಡೂ ಬದಿಯ ಅಂಗಡಿಗಳಿಂದ ಒಂದೇ ಮುಖ ನಮ್ಮನ್ನು ನೋಡುತ್ತದೆ. ಚಿತ್ರಕಾರನು ಕಲ್ಪಿಸಿ ಬರೆದ ದೇವರ ಮುಖವಲ್ಲ ಅದು. ಜೀವಂತವಾಗಿ ಕುಳಿತಿದ್ದಾಗ ತೆಗೆದ ಛಾಯಾಚಿತ್ರಗಳಿಂದ ಬಂದ ಮುಖ. ಕೊಡಕ್ ಕಂಪನಿಯವರೇ ಬಂದು ಆ ಚಿತ್ರ ತೆಗೆದರೆಂದು ಅನೇಕರು ಹೇಳುವುದನ್ನು ಕೇಳಿದ್ದೇವೆ. ಕೊಡಕ್ ಎಂಬ ಹೆಸರು ಹುಟ್ಟಿದ್ದೇ ೧೮೮೮ರಲ್ಲಿ; ಮಹಾರಾಜರು ಸಮಾಧಿಸ್ಥರಾಗಿ ಆಗಲೇ ಹತ್ತು ವರ್ಷ ಕಳೆದಿದ್ದವು. ಅವರು ಇದ್ದ ಕಾಲದಲ್ಲಿ ಎಲ್ಲೆಡೆ ರೂಢಿಯಲ್ಲಿದ್ದುದು ಹಸಿ ಪ್ಲೇಟಿನ ಪದ್ಧತಿ. ಗಾಜಿನ ಮೇಲೆ ರಾಸಾಯನಿಕವನ್ನು ಹುಯ್ದು, ಅದು ಆರುವುದರೊಳಗೆ ಚಿತ್ರ ತೆಗೆದು, ಆರುವುದರೊಳಗೇ ತೊಳೆದು ಮುಗಿಸಬೇಕು. ಕತ್ತಲೆ ಗುಡಾರ, ಶೀಶೆಗಳು, ಗಾಜುಗಳು ಎಲ್ಲವನ್ನೂ ಹೊತ್ತು ಬರಬೇಕು. ಕಂಪನಿಯ ಹೆಸರು ಸುಳ್ಳಾದರೆ ಚಿತ್ರದ ಮಹಿಮೆ ಕಡಿಮೆಯಾಗುವುದಿಲ್ಲ. ಹೆಸರು ತಿಳಿಯದ ಒಬ್ಬ ಕಸುಬುದಾರ ಅಷ್ಟು ಕಷ್ಟಪಟ್ಟುದರಿಂದ ಇಂದು ಲಕ್ಷಾಂತರ ಮನೆಗಳಲ್ಲಿ ಆ ಕಣ್ಣುಗಳಿವೆ. ನಮ್ಮ ಕಸುಬಿನವರು ಅಕ್ಕಲಕೋಟೆಯಲ್ಲಿ ಕೈಮುಗಿಯುವಾಗ ಅವನಿಗೂ ಒಂದು ನಮಸ್ಕಾರ ಸಲ್ಲಬೇಕು.

ದರ್ಶನ ಮುಗಿಸಿ, ಊರಿನಿಂದ ಸ್ವಲ್ಪ ಆಚೆಗಿನ ಹಳ್ಳಿಗೆ ರಿಕ್ಷಾದಲ್ಲಿ ಹೋದೆವು. ೨೦೦೯ರಲ್ಲಿ ಇದೇ ಹಳ್ಳಿಗೆ ಲಗ್ನದ ಚಿತ್ರ ತೆಗೆಯಲು ಬಂದಿದ್ದಾಗ ಸುರುಳಿಯಲ್ಲಿ ಹನ್ನೆರಡನೆಯ ಚಿತ್ರವೊಂದು ಉಳಿದಿತ್ತು. ಕಟ್ಟೆಯ ಮೇಲೆ ಕೂತಿದ್ದ ಒಕ್ಕಲಿಗ ಅಜ್ಜನನ್ನು, “ಅಜ್ಜಾರ, ಆಯೀನ್ನ ಕರೀರಿ, ಜೋಡೀಲೆ ಒಂದು ತಗೀತೀವಿ” ಎಂದೆವು. ಅರವತ್ತು ವರ್ಷದ ಸಂಸಾರದಲ್ಲಿ ಅವರಿಬ್ಬರೂ ಕೂಡಿ ಚಿತ್ರ ತೆಗೆಸಿರಲಿಲ್ಲ. ಅಜ್ಜ ಒಪ್ಪಿದ, ಆದರೆ “ನಮ್ಮ ರಾಜಾನೂ ಬರ್ಲಿ” ಎಂದ. ರಾಜಾ ಎಂದರೆ ಮುದಿಯಾದ ಕರವಾನಿ ನಾಯಿ. ಅಜ್ಜ ಅದರ ಕುತ್ತಿಗೆಯ ಮೇಲೆ ಕೈಯಿಟ್ಟ. ಆಯಿ ಗೇಣಿನ ಅಂತರ ಬಿಟ್ಟು ಕೂತಳು. ನಾಯಿ ಕ್ಯಾಮೆರಾ ನೋಡಿತು. ಆಯಿ ಅಜ್ಜನ ಕೈ ನೋಡಿದಳು.

ಅಜ್ಜ ತೀರಿ ವರ್ಷವಾಗುತ್ತ ಬಂದಿತ್ತು. ಮಗ ಫೋನು ಮಾಡಿದ್ದ: ವರ್ಷಾಂತಿಕಕ್ಕೆ ಹಾರ ಹಾಕಲು ದೊಡ್ಡ ಪಟ ಬೇಕು, ಅವ್ವ ಇನ್ನೂ ಇದ್ದಾಳೆ, ಆಕೆ ಬೇಡ, ನಾಯಿಯಂತೂ ಬೇಡ, ಹಾರ ಹಾಕುವ ಪಟದಲ್ಲಿ ನಾಯಿ ಇರಬಾರದು. ನ್ಯಾಯವಾದ ಮಾತೇ. ಈಗ ಗಣಕಯಂತ್ರದಲ್ಲಿ ನಾಯಿಯನ್ನು ಅಳಿಸುವುದು ನಿಮಿಷದ ಕೆಲಸ. ಅಳಿಸಿದೆವು. ಆದರೆ ನಾಯಿ ಹೋದ ಮೇಲೆ ಅಜ್ಜನ ಕೈ ಗಾಳಿಯ ಮೇಲೆ ನಿಂತಿತು. ಯಾರನ್ನೋ ಹುಡುಕುವ ಕೈಯಂತೆ ಕಂಡಿತು. ಕೈಯನ್ನೂ ಕತ್ತರಿಸಿ ಎದೆಯವರೆಗೆ ಮಾತ್ರ ಇಟ್ಟೆವು. ಆಗ ಮುಖದಲ್ಲಿಯ ನಗೆಗೆ ಕಾರಣವೇ ಉಳಿಯಲಿಲ್ಲ. ಆದುದರಿಂದಲೇ ಇಡೀ ಚಿತ್ರಕ್ಕೂ ಇನ್ನೊಂದು ಕಟ್ಟು ಹಾಕಿಸಿ ತಂದಿದ್ದೆವು.

ಎರಡನ್ನೂ ಬಿಚ್ಚಿ ಪಡಸಾಲೆಯ ಗೋಡೆಗೆ ಆನಿಸಿದೆವು. ಮಗ ಒಂಟಿ ಚಿತ್ರವನ್ನು ಕೈಗೆತ್ತಿಕೊಂಡು “ಇದು ಚಲೋ ಆಗೇತ್ರಿ” ಎಂದ. ಆಯಿ ಹತ್ತಿರ ಬಂದು, ಕಣ್ಣು ಕಿರಿದು ಮಾಡಿ, ದೊಡ್ಡ ಚಿತ್ರವನ್ನು ಬಹಳ ಹೊತ್ತು ನೋಡಿದಳು. ನಾಯಿ ಸತ್ತು ಎಷ್ಟೋ ವರ್ಷವಾಗಿತ್ತು. “ಇದನ್ನ ತೂಗಹಾಕು” ಎಂದಳು. ಮಗ, “ಯವ್ವಾ, ನಾಯಿ ಐತಿ, ಮಂದಿ ಏನಂದಾರು?” ಎಂದ. ಆಕೆ ದೇವರ ಜಗುಲಿಯ ಕಡೆಗೆ ಕೈ ತೋರಿಸಿದಳು:

“ದತ್ತನ ಪಟದಾಗ ನಾಕು ಅದಾವು. ನಿಮ್ಮಪ್ಪನ ಪಟದಾಗ ಒಂದ ಐತಿ.”

ಹಾರದ ಮಾತು ಬಂದಾಗ, ಅಜ್ಜನ ಬದಿಯ ಮೊಳೆಗಷ್ಟೇ ಹಾರವನ್ನು ಇಳಿಬಿಡುವುದೆಂದು ತೀರ್ಮಾನವಾಯಿತು. ಒಂಟಿ ಚಿತ್ರವನ್ನು ನಾವು ಮತ್ತೆ ವರ್ತಮಾನಪತ್ರಿಕೆಯಲ್ಲಿ ಸುತ್ತಿದೆವು. ಅದಕ್ಕೆ ಹಣ ಕೇಳಲಿಲ್ಲ. ಮಗ ಕೊಡಲು ಬಂದರೂ ತೆಗೆದುಕೊಳ್ಳಲಿಲ್ಲ.

ಇಂದು ಪ್ರತಿಯೊಬ್ಬರ ಕಿಸೆಯಲ್ಲಿಯೂ ಕ್ಯಾಮೆರಾ ಇದೆ. ಕೂಸಿನ ಚಿತ್ರಗಳು ಒಂದೊಂದು ಮನೆಯಲ್ಲಿ ಸಾವಿರವಿವೆ. ಗೋಡೆಯ ಮೇಲೆ ಒಂದೂ ಇಲ್ಲ. ಫೋನು ಕೆಟ್ಟ ದಿನ ಸಾವಿರವೂ ಹೋಗುತ್ತವೆ. ಬರಗಾಲದಲ್ಲಿ ತೊಳೆದ ಗಾಜಿಗೂ ಅದಕ್ಕೂ ಭೇದವಿಲ್ಲ. ಆದುದರಿಂದ ಗಡಿಯ ಈಚೆ ಆಚೆ ಇರುವ ನಮ್ಮ ಮನೆತನಗಳಲ್ಲಿ ಒಂದು ಬಿನ್ನಹ: ವರ್ಷಕ್ಕೊಂದಾದರೂ ಚಿತ್ರವನ್ನು ಕಾಗದದ ಮೇಲೆ ಅಚ್ಚು ಹಾಕಿಸಿರಿ. ಅದರ ಬೆನ್ನಿಗೆ ಪೆನ್ಸಿಲಿನಿಂದ, ಒತ್ತದೆ, ಹೆಸರು, ಊರು, ತಾರೀಖು ಬರೆಯಿರಿ. ಪೆನ್ನಿನ ಮಸಿ ಕಾಲಾಂತರದಲ್ಲಿ ಮುಖದ ಕಡೆಗೆ ಇಳಿಯುತ್ತದೆ. ಅಂಟು ಹಚ್ಚಿದ ಹಾಳೆಯ ಆಲ್ಬಮ್ಮಿನಲ್ಲಿಡಬೇಡಿರಿ. ಬಿಸಿಲು ಬೀಳುವ, ಮಳೆಗೆ ನೆನೆಯುವ ಗೋಡೆಗೆ ತೂಗುಹಾಕಬೇಡಿರಿ. ಮನೆಯಲ್ಲಿ ಅರವತ್ತು ವರ್ಷ ಕೂಡಿ ಬಾಳಿದ ಹಿರಿಯರಿದ್ದು ಜೋಡಿ ಚಿತ್ರವಿಲ್ಲದಿದ್ದರೆ, ಈ ಭಾನುವಾರವೇ ಕಟ್ಟೆಯ ಮೇಲೆ ಕೂಡ್ರಿಸಿ ತೆಗೆಯಿರಿ. ನಾಯಿ ಬಂದು ಮಗ್ಗುಲಲ್ಲಿ ಕೂತರೆ ಓಡಿಸಬೇಡಿರಿ.

ಮರಳುವ ಬಸ್ಸಿನಲ್ಲಿ ಕಿಟಕಿಯ ಬದಿಗೆ ಜಾಗ ಸಿಕ್ಕಿತು. ವಳಸಂಗದ ಬಳಿ ಹೊತ್ತು ಮುಳುಗುತ್ತಿತ್ತು. ತೊಡೆಯ ಮೇಲೆ ಈಗ ಒಂದೇ ಕಟ್ಟಿತ್ತು. ಸ್ಟುಡಿಯೋಕ್ಕೆ ಬಂದೊಡನೆ ದಫ್ತರ ತೆಗೆದು, ಆ ದಿನದ ಪುಟದಲ್ಲಿ ಅಜ್ಜನ ಹೆಸರು, ಆಯಿಯ ಹೆಸರು ಬರೆದು, ಅವುಗಳ ಕೆಳಗೆ ರಾಜಾನ ಹೆಸರನ್ನೂ ಕನ್ನಡದಲ್ಲಿ ಬರೆದೆವು.